ಆನೆಯ ಅಂಬಾರಿಗೆ ಬೆಳ್ಳಿ

ನೇಹಾ,

ನಾನು ಬಸದಿಗೆ ಹೊರಟಿದ್ದೇನೆ. ಹತ್ತು ಗಂಟೆಗೆ ರಬಕವಿಯಿಂದ ಬೆಳ್ಳಿ ಕೆಲಸದ ಪತ್ತಾರ ಮೌನೇಶಪ್ಪನವರು ಬರುತ್ತಾರೆ. ನಿನ್ನ ಮಾವನವರು ಕೊನೆಯದಾಗಿ ಕೆತ್ತಿದ ಅಕೀಕ ಕಲ್ಲಿನ ಆನೆಯನ್ನು ಅವರಿಗೆ ಕೊಡು. ಸೊಂಡಿಲು ನಾಜೂಕು, ಹತ್ತಿಯಲ್ಲಿ ಸುತ್ತು. ಚಹಾ ಕೊಡದೆ ಕಳಿಸಬೇಡ.

ಅಂಬಾರಿ ಮಾಡಲು ಬೇಕಾದ ಬೆಳ್ಳಿ ಗೂಡಿನ ಬಟ್ಟಲಲ್ಲಿದೆ. ಅವು ನನ್ನ ಕಾಲುಂಗುರ.

"ಅಂಬಾರಿಗೆ ಬೆಳ್ಳಿ ಕಡಿಮಿ ಬಿತ್ತು, ನಿನ್ನ ಕಾಲುಂಗುರ ಕೊಡ್ತಿಯೇನ?" ಎಂದು ನಿನ್ನ ಮಾವನವರು ಕಾಡಿಸುತ್ತಿದ್ದರು. "ನಾ ಸತ್ತ ಮ್ಯಾಲ ತಗೋರಿ" ಎನ್ನುತ್ತಿದ್ದೆ. ಅವರು ಹೋದ ದಿನವೇ ಹಿರಿಯರು ನನ್ನ ಕಾಲಿಂದ ತೆಗೆಸಿದರು.

ಬೇರೆ ಬೆಳ್ಳಿ ಬೆರೆಸಬಾರದೆಂದು ಪತ್ತಾರರಿಗೆ ಹೇಳು. ಅಂಬಾರಿ ಸಣ್ಣದಾದರೂ ಚಿಂತೆಯಿಲ್ಲ.

ನನ್ನ ಕೈಯಿಂದ ಅವನ್ನು ಕೊಡಲಾಗದು, ಮಗಳೇ. ಅದಕ್ಕೇ ಪತ್ತಾರರು ಬರುವ ಮೊದಲೇ ಹೊರಟೆ.

ನಿನ್ನ ಅತ್ತೆ