ಮೂರನೇ ಮಹಡಿಯವರೆಗೆ

ಮಾರ್ಚ್ 3

ಇವತ್ತೂ ಅದೇ. ಬೆಳಿಗ್ಗೆ ಲಿಫ್ಟಿನ ಹಳಿ ಜೋಡಿಸಿದ್ದು, ಮಧ್ಯಾಹ್ನ ಅಕ್ಕನ ಮನೆ ಊಟ. ಕಂಪನಿ ಕಳಿಸಿದ ಊರು ನಾನು ಹುಟ್ಟಿದ ಊರೇ ಆಗಿ, ಕಟ್ಟಡವೂ ಅಕ್ಕ ಇರೋ ಕಟ್ಟಡವೇ ಆಗಿ... ಲಾಟರಿ ಹೊಡೆದ ಹಾಗೆ!

ಚಿಕ್ಕವನಿದ್ದಾಗ ಇಲ್ಲೇ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಸ್ಕೂಲಿಂದ ಬಂದವನೇ ಕೆಳಗಿನ ಮೆಟ್ಟಿಲ ಮೇಲೆ ಬಿದ್ದುಕೊಂಡು ‘ಕಾಲು ನೋವು’ ಅಂತ ನಾಟಕ. ಅಕ್ಕ ಸೊಂಟದ ಮೇಲೆ ಕೂರಿಸಿಕೊಂಡು ಹತ್ತಬೇಕು. ಈಗ ಅವಳ ಕಾಲು ನೋವು. ನಾಟಕ ಅಲ್ಲ. ಮಂಡಿ ಮಡಚೋದೇ ಇಲ್ಲ. ಭಾವ ತೀರಿಕೊಂಡ ಮೇಲೆ ಬಾಡಿಗೆ ಕಮ್ಮಿ ಅಂತ ತಾರಸಿ ಮೇಲಿನ ಒಂಟಿ ರೂಮಿಗೆ ಹೋದಳು. ಆಮೇಲೆ ಮಂಡಿ ಹಿಡಿದುಕೊಂಡಿತು. ಹೋದವಳು ಮತ್ತೆ ಇಳಿದಿಲ್ಲ.

ಇವತ್ತು ಹೊಸ ಚಪ್ಪಲಿ ತೋರಿಸಿದಳು.

“ಏನೇ ಇದು, ಮದುಮಗಳ ಹಾಗೆ?”

“ಸುಮ್ನಿರೋ ಕೋತಿ. ನಿನ್ನ ಲಿಫ್ಟಲ್ಲಿ ಇಳಿದು ಬೀದೀಲಿ ಬರಿಗಾಲಲ್ಲಿ ನಡೀಲಾ?”

ಮಾರ್ಚ್ 5, ಸಂಜೆ

ಬಟನ್ ಹಲಗೆ ಬಂತು. ನೆಲ, ಒಂದು, ಎರಡು, ಮೂರು. ಅಷ್ಟೇ. ಪೆಟ್ಟಿಗೆ ಅಲ್ಲಾಡಿಸಿ ನೋಡಿದೆ, ತಾರಸಿಗೆ ಹೋಗೋ ನಾಲ್ಕರ ಬಟನ್ ಒಳಗೆ ಉದುರಿದೆಯೇನೋ ಅಂತ. ಜೊತೆಯವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಮಾರ್ಚ್ 6

ಇಂಜಿನಿಯರ್ ಹುಡುಗ ನಕ್ಷೆ ಬಿಚ್ಚಿದ. ತಾರಸಿ ಮೇಲೆ ಏನೂ ಇಲ್ಲ, ಖಾಲಿ. ಅಕ್ಕನ ರೂಮನ್ನು ಕಟ್ಟಡದ ಓನರ್ ಆಮೇಲೆ ಕದ್ದು ಕಟ್ಟಿಸಿದ್ದು.

“ನಕ್ಷೇಲಿಲ್ಲದ ಮನೆಗೆ ಲಿಫ್ಟ್ ಹೋಗಲ್ಲ ಮೇಸ್ತ್ರಿ.”

“ಮನೆ ಇಲ್ಲ ಅಂದ್ರೆ ಹೇಗೆ ಸಾರ್? ದಿನಾ ಅಲ್ಲೇ ಉಣ್ತಿದೀನಿ!”

ನಗಲಿಲ್ಲ. ಪಾಪ, ಅವನೂ ಸಂಬಳದವನು. “ಮೇಲಕ್ಕೆ ಎಳೆದ್ರೆ ಸರ್ಕಾರಿ ತಪಾಸಣೇಲಿ ಪಾಸ್ ಆಗಲ್ಲ. ಇಡೀ ಲಿಫ್ಟಿಗೇ ಬೀಗ ಹಾಕ್ತಾರೆ” ಅಂದ.

ಅಕ್ಕನಿಗೆ ಹೇಳಿಲ್ಲ. ಊಟಕ್ಕೆ ಹೋದೆ, ಎರಡು ಜೋಕ್ ಹೊಡೆದೆ, ಬಂದೆ.

ಮಾರ್ಚ್ 9

ಮೂರನೇ ಮಹಡಿಯಿಂದ ಅಕ್ಕನ ರೂಮಿಗೆ ಕಬ್ಬಿಣದ ಸುರುಳಿ ಮೆಟ್ಟಿಲು. ನಾನೇ ಅಡ್ಡ ತಿರುಗಿ ಹತ್ತಬೇಕು. ಅಕ್ಕ ಮಲಗಿದ್ದಾಗ ಖಾಲಿ ಕುರ್ಚಿ ಇಳಿಸಿ ನೋಡಿದೆ. ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಆಮೇಲೆ ಸಿಮೆಂಟ್ ಮೂಟೆ ಬೆನ್ನಿಗೆ ಕಟ್ಟಿಕೊಂಡೆ — ಅಕ್ಕ ಅಂದುಕೊಂಡು. ಕಾಲು ಜಾರಿತು. ಮೂಟೆ ಕೆಳಗೆ ಬಿದ್ದು ಒಡೆಯಿತು.

ಇನ್ನು ಆ ಯೋಚನೆ ಬೇಡ.

ಮಾರ್ಚ್ 17, ಮಧ್ಯಾಹ್ನ

ಬರೆಯೋಕೆ ಮನಸ್ಸೇ ಇರಲಿಲ್ಲ. ಓನರ್ ಹತ್ತಿರ ಹೋಗಿದ್ದೆ, ಕೆಳಗೆ ಒಂದು ಮೂಲೆ ಕೊಡಿ ಅಂತ. “ಲಿಫ್ಟ್ ಬಂತಲ್ಲಪ್ಪ, ಕೆಳಗಿನದಕ್ಕೆಲ್ಲ ಬಾಡಿಗೆ ಜಾಸ್ತಿ” ಅಂದರು. ಲಿಫ್ಟ್ ಹಾಕಿದವನು ನಾನೇ!

ಇವತ್ತು ಟ್ರಯಲ್. ಮೊದಲ ಸಲ ಫಿಟ್ಟರೇ ಹತ್ತಬೇಕು, ನಮ್ಮಲ್ಲಿ ಹಾಗೇ. ಹತ್ತಿದೆ. ಎಣ್ಣೆ ಸುರಿದ ಹಾಗೆ ನುಣ್ಣಗೆ ಹೋಯಿತು. ಇಷ್ಟು ಚೆನ್ನಾಗಿ ಯಾವತ್ತೂ ಕೂರಿಸಿಲ್ಲ. ಮೂರರಲ್ಲಿ ನಿಂತು ಗಂಟೆ ಹೊಡೆಯಿತು. ಟಿಂಗ್. ಎಲ್ಲರೂ ಚಪ್ಪಾಳೆ.

ನಾಳೆ ನಮ್ಮ ಕಂಪನಿ ಗಾಡಿ ಮುಂದಿನ ಊರಿಗೆ ಹೊರಡುತ್ತೆ. ಸುರುಳಿ ಮೆಟ್ಟಿಲ ಕೆಳಗೆ ಕೂತು ಇದನ್ನು ಬರೀತಿದೀನಿ. ಇವತ್ತು ಹೇಳಲೇಬೇಕು. ಏನಾದರೂ ತಮಾಷೆಯಾಗಿ... ಎಂಥ ತಮಾಷೆ...

ಮೇಲೆ ಸದ್ದು. ಟಪ್... ಟಪ್... ಹೊಸ ಚಪ್ಪಲಿ. ಬಾಗಿಲವರೆಗೂ ಬಂದಿದಾಳೆ.

“ಗಂಟೆ ಕೇಳಿಸ್ತು ಕಣೋ! ಊಟಕ್ಕೆ ಬಾ, ತಟ್ಟೆ ಹಾಕಿದೀನಿ. ಉಂಡ್ಕೊಂಡು ಇಬ್ರೂ ಇಳಿಯೋಣ!”

ಬಂದೆ ಅಂದೆ. ಹೋಗಿ ಮೊದಲು ಅವಳು ಎರಡು ತುತ್ತು ಉಣ್ಣಲಿ, ಆಮೇಲೆ...