ರೂತ್ ಆಂಟಿಯ ಕಡಲದಂಡೆ

ಜುಲೈ ೧೯೯೬, ಎಲಿಕಾಟ್ ಸಿಟಿ

ಚಂದ್ರಾವತಿ,

ಈ ಬೇಸಿಗೆಯಲ್ಲೂ ಮೇನ್ ರಾಜ್ಯದವರೆಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ, ಒಬ್ಬಳೇ. ರೂತ್ ಆಂಟಿಯ ಮನೆಯ ಹಿಂದೆ ಕಡಲು ಇಳಿದಿತ್ತು. ಆದರೆ ಕೆಸರಿನಲ್ಲಿ ಹುದುಗಿದ ಬಳಚು ಚಿಪ್ಪುಗಳನ್ನು ಅಗೆಯುವವರು ಒಬ್ಬರೂ ಇರಲಿಲ್ಲ.

ಆಂಟಿ ನನ್ನನ್ನು ಒಳಗೆ ಕರೆಯಲಿಲ್ಲ. "ಹೋದ ತಿಂಗಳು ನಿನ್ನ ಗೆಳತಿ ವ್ಯಾನ್ ತುಂಬ ಜನರನ್ನು ಕರೆತಂದಳು. ಮರಿಗಳನ್ನೂ ಬಿಡದೆ ಅಗೆದುಕೊಂಡು ಹೋದರು. ನಾನು ತಡೆದರೆ, ಸುಗುಣಾನೇ ನಮ್ಮನ್ನು ಕಳಿಸಿದ್ದು ಅಂತ ನಿನ್ನ ಹೆಸರು ಹೇಳಿದಳು" ಎಂದರು.

ಆ ಜಾಗ ನಿನಗೆ ತೋರಿಸಿದವಳು ನಾನು. ಮರಿಗಳನ್ನು ಮತ್ತೆ ಕೆಸರಿನಲ್ಲಿ ಹೂಳಬೇಕೆಂದು ಆಂಟಿ ಹೇಳಿಕೊಟ್ಟಾಗ, "ಗಂಗೊಳ್ಳಿಯಲ್ಲಿ ನಮ್ಮಮ್ಮನೂ ಹೀಗೇ ಮಾಡ್ತಿದ್ರು ಕಣೇ" ಎಂದು ನೀನು ಕಣ್ಣೊರೆಸಿಕೊಂಡಿದ್ದೆ. ಆ ಕಣ್ಣೀರನ್ನು ನಾನು ನಂಬಿದ್ದೆ.

"ಮತ್ತೆ ಮರಿಯಾಗಿ ಬೆಳೆಯುವವರೆಗೆ, ಇನ್ನು ಕೆಲವು ವರ್ಷ ಇಲ್ಲಿ ಯಾರೂ ಅಗೆಯುವಂತಿಲ್ಲ. ನೀನೂ ಬರಬೇಡ" ಎಂದರು ಆಂಟಿ.

ನಾನು ಕಳಿಸಿರಲಿಲ್ಲ ಅನ್ನಬಹುದಿತ್ತು. ಹಾಗಂದರೆ ನಿನ್ನನ್ನು ಸುಳ್ಳುಗಾತಿ ಅನ್ನಬೇಕಾಗುತ್ತಿತ್ತು. ನೀನು ಇಷ್ಟೆಲ್ಲ ಮಾಡಿದ್ದರೂ ಆ ಮಾತು ನನ್ನ ಬಾಯಿಗೆ ಬರಲಿಲ್ಲ. "ತಪ್ಪಾಯಿತು ಆಂಟಿ" ಎಂದೆ.

ಅವರು ಬಾಗಿಲು ಹಾಕಿಕೊಂಡರು.

ಸುಗುಣಾ