ಭಾನುವಾರದೊಳಗೆ ಬ್ರೇಕು

10-11-1998, ಮಂಗಳವಾರ

ಎಣ್ಣೆ ಮಿಲ್ಲು ಮಧ್ಯಾಹ್ನಕ್ಕೇ ನಿಲ್ಲಿಸಿದೆ. ಕಾರಿನ ಹಿಂದಿನ ಎಡಗಡೆ ಚಕ್ರದ ಬ್ರೇಕ್ ಡ್ರಮ್ಮು ಕೊನೆಗೂ ಬಿಚ್ಚಿಕೊಂಡಿತು — ಸುತ್ತಿಗೆಗಿಂತ ನನ್ನ ಬೈಗುಳಕ್ಕೆ ಹೆದರಿರಬೇಕು. ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳು ಮುಟ್ಟಿದರೆ ಪುಡಿ. ಅಪ್ಪನ ಎಂ.ಜಿ. ಸ್ಪೋರ್ಟ್ಸ್ ಕಾರಿನ ಎಂಜಿನ್ ಹೋದ ತಿಂಗಳೇ ಸ್ಟಾರ್ಟ್ ಆಗಿದೆ. ಇನ್ನು ಉಳಿದಿರುವುದು ಬ್ರೇಕು.

ಅಪ್ಪನ ತಕರಾರೂ ಅದೇ. "ನಿಲ್ಲದ ಗಾಡಿ ನಮ್ಮನೇಲಿ ಬ್ಯಾಡ ಕಣವ್ವ. ಇಪ್ಪತ್ತೆರಡಕ್ಕೆ ಬೆಂಗಳೂರಿನೋರು ಬತ್ತಾರೆ, ತಗಂಡೋಗ್ಲಿ." ಹಳೇ ಕಾರು ಕೂಡಿಡುವ ಶ್ರೀಮಂತರು ಯಾರೋ. ಅಪ್ಪ ಅವರಿಗೆ ಮಾತು ಕೊಟ್ಟುಬಿಟ್ಟಿದ್ದಾರೆ. ಕಾಡಿ ಬೇಡಿ ಒಂದಕ್ಕೆ ಒಪ್ಪಿಸಿದೆ — ಅವರು ಬರುವ ಮೊದಲು ಕೆರೆ ಏರಿಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ತೋರಿಸಿದರೆ ಮಾರುವುದಿಲ್ಲ.

ಆ ಇಳಿಜಾರೇ ಯಾಕೆಂದು ಇಬ್ಬರಿಗೂ ಗೊತ್ತು. ಎಂಟು ವರ್ಷದವಳಿದ್ದೆ. ಅಪ್ಪನ ಪಕ್ಕ ಕೂತಿದ್ದೆ. ಬ್ರೇಕ್ ಹಿಡಿಯಲಿಲ್ಲ, ಮರಕ್ಕೆ ಗುದ್ದಿದೆವು. ನನ್ನ ಗದ್ದಕ್ಕೆ ಹೊಲಿಗೆ, ಗಾಡಿಗೆ ಶೆಡ್ಡು. ಅಪ್ಪನಿಗೆ ಇನ್ನೂ ಅದೇ ಭಯ. ನನಗೆ ನೆನಪಿರುವುದು ಗುದ್ದಿದ್ದಲ್ಲ, ಅದಕ್ಕೂ ಮೊದಲು ಮುಖಕ್ಕೆ ಹೊಡೆಯುತ್ತಿದ್ದ ಗಾಳಿ. ಈ ಗಾಡಿ ಯಾರಿಗೂ ಕೊಡಲ್ಲ.

12-11, ಗುರುವಾರ

ಬೆಂಗಳೂರಿನಿಂದ ಪಾರ್ಸೆಲ್ ಬಂತು. ಹೊಸ ಬ್ರೇಕ್ ಶೂ, ಹೋಸ್ ಪೈಪು, ರಬ್ಬರ್ ಕಪ್ಪುಗಳು. ಮೆಕ್ಯಾನಿಕ್ ಅಕ್ಬರ್ ಪಾಷಾ ಗ್ಯಾರೇಜು ಮುಚ್ಚಿ ಬರುವಷ್ಟರಲ್ಲಿ ಕಪ್ಪುಗಳನ್ನು ನಾನೇ ಕೂರಿಸಿದೆ. ಬಿಗಿಯಾಗಿದ್ದವು... ನಮ್ಮ ಮಿಲ್ಲಿನ ಕೊಬ್ಬರಿ ಎಣ್ಣೆ ಸವರಿದೆ, ನುಣ್ಣಗೆ ಜಾರಿದವು. ಈ ಮನೆಯಲ್ಲಿ ಬೀಗ, ಬಾಗಿಲು, ಹೊಲಿಗೆ ಮಿಷನ್, ತಲೆ — ಎಲ್ಲಕ್ಕೂ ಅದೇ.

ಆಮೇಲೆ ಇಬ್ಬರೂ ಸೇರಿ ಬ್ರೇಕ್ ಆಯಿಲ್ ತುಂಬಿ ಪೈಪಿನೊಳಗಿನ ಏರ್ ತೆಗೆದೆವು. ಪಾಷಾ ಕೆಳಗೆ ಮಲಗಿ ಕೂಗುವುದು, ನಾನು ಪೆಡಲ್ ಮೇಲೆ. "ತುಳೀರಿ... ಹಿಡ್ಕಳ್ರಿ... ಬುಡಿ." ಪೆಡಲ್ಲು ಕಲ್ಲಿನ ಹಾಗೆ ಗಟ್ಟಿ. ಗೆದ್ದೆ ಅನ್ನಿಸಿತು.

17-11, ಮಂಗಳವಾರ

ಕೊಬ್ಬರಿ ಲೋಡಿನ ಗಲಾಟೆಯಲ್ಲಿ ಇಷ್ಟು ದಿನ ಗಾಡಿ ಕಡೆ ಹೋಗಿರಲಿಲ್ಲ. ಇವತ್ತು ಹೊರಗೆ ತೆಗೆಯೋಣವೆಂದರೆ ಕದಲಲಿಲ್ಲ. ನಾಲ್ಕೂ ಚಕ್ರ ಹಿಡಿದುಕೊಂಡಿವೆ. ಪಾಷಾ ಒಂದು ಬಿಚ್ಚಿದ. ರಬ್ಬರ್ ಕಪ್ಪು ಊದಿ ಸಿಲಿಂಡರಿನಲ್ಲಿ ಸಿಕ್ಕಿಕೊಂಡಿತ್ತು. ಬೆರಳಲ್ಲಿ ತಿಕ್ಕಿ ಮೂಸಿ ನೋಡಿದ.

"ಗಿರಿಜಕ್ಕ, ಏನ್ ಹಚ್ಚಿದ್ರಿ ಇದಕ್ಕೆ?"

"ಕೊಬ್ಬರಿ ಎಣ್ಣೆ. ಒಳ್ಳೇದೇ ಹಚ್ಚಿದೀನಿ ಕಣಪ್ಪ."

"ಯಾ ಅಲ್ಲಾ! ಎಣ್ಣೆ ಕುಡುದ್ರೆ ರಬ್ಬರ್ ಊದ್ಕತದೆ ಕಣಕ್ಕ. ಬ್ರೇಕ್ ಆಯಿಲ್ಲೇ ಹಚ್ಬೇಕು. ನಮ್ಮನೇಲಿ ನಸೀಮ್ ಬಾನೂನೂ ಹಿಂಗೇ — ಕುಕ್ಕರ್ ರಬ್ಬರ್‌ಗೆ ಹಚ್ಚಿ ಮುಚ್ಚಳಾನೇ ಕೂರ್ದಂಗ್ ಮಾಡವ್ಳೆ!"

ಹೆಂಡತಿಯ ಕುಕ್ಕರ್ ನೆನೆದು ನಕ್ಕ. ನನಗೆ ಅಳು ಬಂತು. ಅಳಲಿಲ್ಲ.

ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಬುಡವ್ವ, ಕೊಟ್ಟ್‌ಬುಡಾನ."

"ಇಲ್ಲ" ಎಂದೆ.

18-11, ಬೆಳಿಗ್ಗೆ 5

ಬಸ್ ಸ್ಟ್ಯಾಂಡಿನಲ್ಲಿದ್ದೇನೆ. ಬೆಂಗಳೂರಿನ ಅಂಗಡಿಯವನ ಹತ್ತಿರ ಕಪ್ಪುಗಳು ಇನ್ನು ಒಂದೇ ಸೆಟ್ಟಂತೆ. ಪಾರ್ಸೆಲ್ ನಂಬಿ ಕೂತರೆ ಆಯಿತು ಕಥೆ. ನಾನೇ ಹೋಗಿ ತರುತ್ತೇನೆ. ಬಸ್ಸು ಬಂತು —

20-11, ಶುಕ್ರವಾರ

ಪೈಪೆಲ್ಲ ತೊಳೆದು, ಹಳೇ ಆಯಿಲ್ ಚೆಲ್ಲಿ, ಹೊಸ ಕಪ್ಪು ಕೂರಿಸಿದೆವು. ನನ್ನದು ಎಣ್ಣೆ ಮಿಲ್ಲಿನ ಕೈ, ನಂಬಿಕೆ ಇಲ್ಲ — ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದು ಮುಟ್ಟಿದೆ. ತಲೆಗೆ ಎಣ್ಣೆ ಹಚ್ಚುವುದನ್ನೂ ನಿಲ್ಲಿಸಿದ್ದೇನೆ. ಪಾಷಾ "ತಲೆಗೂ ಬ್ರೇಕಿಗೂ ಏನಕ್ಕ ಸಂಬಂಧ" ಎಂದ. ಇರಲಿ. ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಓಡಿಸಿ ನಿಲ್ಲಿಸಿ ನೋಡಿದೆ. ಬ್ರೇಕ್ ಹಿಡಿಯುತ್ತಿದೆ, ಬಿಡುತ್ತಿದೆ.

ಆದರೆ ಅಂಗಳ ಸಪಾಟು.

22-11, ಭಾನುವಾರ

ಬೆಳಿಗ್ಗೆ ಏರಿ ಮೇಲೆ ಗಾಡಿ ನಿಲ್ಲಿಸಿಕೊಂಡೆ. ಅಪ್ಪ ಕೆಳಗೆ ನಿಂತು ನೋಡುತ್ತಾರೆ ಅಂದುಕೊಂಡಿದ್ದೆ. ಪಕ್ಕದ ಬಾಗಿಲು ತೆಗೆದು ಹತ್ತಿ ಕೂತುಬಿಟ್ಟರು.

"ನೀವ್ ಇಳೀರಪ್ಪ, ನಾನೊಬ್ಬಳೇ ಹೋಗ್ತೀನಿ."

"ನಿನ್ನೊಬ್ಳುನ್ನೇ ಬುಡಾಕಾಯ್ತದಾ?"

ಇಬ್ಬರೂ ಗಾಡಿಯಲ್ಲೇ ಇಳಿಜಾರು ಇಳಿದೆವು. ಅಪ್ಪನ ಕೈ ನನ್ನ ಮುಂದೆ ಅಡ್ಡ ಬಂದಿತ್ತು, ನಾನಿನ್ನೂ ಎಂಟು ವರ್ಷದವಳು ಎನ್ನುವ ಹಾಗೆ. ತುಳಿದೆ. ಗಾಡಿ ನೆಟ್ಟಗೆ ನಿಂತಿತು. ಮರ ಇನ್ನೂ ದೂರದಲ್ಲೇ ಇತ್ತು. ಅಪ್ಪ ಅಡ್ಡ ಹಿಡಿದಿದ್ದ ಕೈ ತೆಗೆದು ಮರವನ್ನೊಮ್ಮೆ ನೋಡಿದರು. ಆಮೇಲೆ, "ಇನ್ನೊಂದ್ಸಲ" ಎಂದರು.

ಮನೆಗೆ ಬಂದರೆ ಬೆಂಗಳೂರಿನವರು ಜಗುಲಿಯಲ್ಲಿ ಎಳನೀರು ಕುಡಿಯುತ್ತಿದ್ದರು. ಅಪ್ಪ ಕೈ ಮುಗಿದರು. "ಗಾಡಿ ನಿಂತ್ಕಂಬುಡ್ತು ಸ್ವಾಮಿ. ಮಗಳಿಗೂ ಒಂದ್ ಮಾತ್ ಕೊಟ್ಟಿದ್ದೆ. ಬ್ಯಾಸ್ರ ಮಾಡ್ಕಬ್ಯಾಡಿ, ಊಟ ಮಾಡ್ಕಂಡೇ ಹೋಗ್ಬೇಕು."

ಊಟವಾಯಿತು, ಹೋದರು. ಇದನ್ನು ಬರೆಯಲು ಕೂತಿದ್ದೇನೆ. ಹೊರಗೆ ಎಂಜಿನ್ ಸದ್ದು... ಪಾಷಾನೂ ಊಟ ಮುಗಿಸಿ ಆಗಲೇ ಮನೆಗೆ ಹೋದನಲ್ಲ?

ಕಿಟಕಿಯಲ್ಲಿ ಇಣುಕಿದೆ. ಡ್ರೈವರ್ ಸೀಟಿನಲ್ಲಿ ಅಪ್ಪ. ಪಕ್ಕದ ಬಾಗಿಲು ತೆಗೆದಿಟ್ಟಿದ್ದಾರೆ. ಹಾರನ್ ಬೇರೆ ಒತ್ತುತ್ತಿದ್ದಾರೆ. ಬಂದೆ —